ಇಸ್ತಾಂಬುಲಿನಲ್ಲಿ ಒಬ್ಬಳೇ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯಲ್ಲಿರುವ ಮಗಳ ಮನೆಯಿಂದ ಮರಳುವಾಗ ಇಸ್ತಾಂಬುಲಿನಲ್ಲಿ ಇಳಿದೆ. ಬುಧವಾರ ರಾತ್ರಿ ತಲುಪಿ, ಗುರುವಾರ ಇಡೀ ದಿನ ಒಬ್ಬಳೇ ತಿರುಗಿ, ಅಂದು ನಡುರಾತ್ರಿಯ ವಿಮಾನ ಹತ್ತಿದೆ. ಬಂದಂದಿನಿಂದ ಮದುವೆಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ.

## ಹೊರಡುವ ಮೊದಲು

ಒಂದೇ ದಿನಕ್ಕೆ ಅಷ್ಟು ದೊಡ್ಡ ಊರಿಗೆ ಹೋಗಿ ಏನು ನೋಡಿದ ಹಾಗಾಯಿತು?

ಒಂದೂವರೆ ಕೋಟಿ ಜನರ ಊರು ಅದು. ಅಷ್ಟನ್ನೂ ನೋಡುವ ಹಟ ನನಗೆ ಇರಲಿಲ್ಲ. ಹಳೆಯ ಊರು ಒಂದು ದಿಬ್ಬದ ಮೇಲಿದೆ. ಇಗರ್ಜಿಯಾಗಿದ್ದು ಈಗ ಮಸೀದಿಯಾಗಿರುವ ಅಯಾಸೋಫ್ಯಾ, ನೀಲಿ ಮಸೀದಿ, ನೆಲದಡಿಯ ನೀರಿನ ಕೊಳ, ತೋಪ್‌ಕಾಪಿ ಅರಮನೆ ಎಲ್ಲವೂ ಒಂದೇ ಚೌಕದ ಸುತ್ತಮುತ್ತ ಇವೆ. ಅಲ್ಲಿಂದ ಕಾಲು ಗಂಟೆ ನಡೆದರೆ ದೊಡ್ಡ ಬಜಾರು. ಬಜಾರಿನ ಹಿಂದಿನ ಓಣಿಗಳಲ್ಲಿ ಇಳಿಜಾರು ಹಿಡಿದರೆ ಮಸಾಲೆ ಪೇಟೆ, ಅದರೆದುರಿಗೆ ಹಡಗುಕಟ್ಟೆ. ಬೆಳಿಗ್ಗೆ ದಿಬ್ಬದ ತುದಿಯಲ್ಲಿ ಆರಂಭಿಸಿ ಸಂಜೆಗೆ ನೀರಿನ ಬಳಿ ಮುಗಿಸಿದರೆ ಚೀಲ ಭಾರವಾಗುತ್ತ ಹೋದಂತೆ ದಾರಿ ಇಳಿಯುತ್ತ ಹೋಗುತ್ತದೆ. ಐವತ್ತು ದಾಟಿದ ಮೊಣಕಾಲಿಗೆ ಇದು ಸಣ್ಣ ವಿಷಯವಲ್ಲ. ನನ್ನ ಲೆಕ್ಕ ಇಷ್ಟೇ: ಎರಡು ಮಸೀದಿ, ಒಂದು ಕೊಳ, ಎರಡು ಪೇಟೆ, ಒಂದು ಹಡಗು. ಅರಮನೆಯನ್ನು ಬಿಟ್ಟೆ. ಅದಕ್ಕೇ ಅರ್ಧ ದಿನ ಬೇಕು.

ವೀಸಾ ಬೇಕೇ? ವಿಮಾನ ನಿಲ್ದಾಣದಲ್ಲೇ ಕೊಡುತ್ತಾರೆ ಎಂದು ಯಾರೋ ಹೇಳಿದರು.

ಬೇಕು. ನಿಲ್ದಾಣದಲ್ಲಿ ಕೊಡುತ್ತಾರೆ ಎಂಬ ಮಾತನ್ನು ನಂಬಿ ಹೊರಡಬೇಡಿ. ಷೆಂಗನ್ ದೇಶಗಳು (ಜರ್ಮನಿಯೂ ಸೇರಿದ, ಒಂದೇ ವೀಸಾ ನಡೆಯುವ ಯುರೋಪಿನ ಗುಂಪು), ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಇರುವ ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ಜರ್ಮನಿಯ ವೀಸಾ ಇದ್ದುದರಿಂದ ನನಗೆ ಮನೆಯಲ್ಲಿ ಕುಳಿತೇ ಆಯಿತು. ಅದು ಇಲ್ಲದವರು ಮೊದಲೇ ಅರ್ಜಿ ಹಾಕಿ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿಕೊಳ್ಳಬೇಕು. ಇ-ವೀಸಾಕ್ಕೆ ತುರ್ಕಿ ಸರ್ಕಾರದ ಜಾಲತಾಣವನ್ನೇ ಬಳಸಿ. ಅದರಂತೆಯೇ ಕಾಣುವ, ದುಪ್ಪಟ್ಟು ಹಣ ಕೀಳುವ ತಾಣಗಳು ಬೇಕಾದಷ್ಟಿವೆ.

ಯಾವ ವಾರ ಹೋಗುವುದು ಒಳ್ಳೆಯದು?

ರಾಹುಕಾಲ ನೋಡದಿದ್ದರೂ ನಡೆದೀತು, ವಾರ ನೋಡಲೇಬೇಕು. ಭಾನುವಾರ ದೊಡ್ಡ ಬಜಾರಿಗೆ ಬೀಗ. ಮಂಗಳವಾರ ತೋಪ್‌ಕಾಪಿ ಅರಮನೆಗೆ ರಜೆ. ಶುಕ್ರವಾರ ಮಧ್ಯಾಹ್ನ ದೊಡ್ಡ ನಮಾಜು, ಆ ಹೊತ್ತಿನಲ್ಲಿ ಮಸೀದಿಗಳಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಬಜಾರಿನ ತುರ್ಕಿ ಹೆಸರು ಕಪಾಲಿಚಾರ್ಶಿ. ಶಿವನಿಗೂ ಅದಕ್ಕೂ ಸಂಬಂಧವಿಲ್ಲ. ಕಪಾಲಿ ಎಂದರೆ ಮುಚ್ಚಿದ್ದು, ಅಂದರೆ ಮೇಲೆ ಸೂರು ಇರುವ ಪೇಟೆ. ಅಂಗಡಿ ತೆರೆದಿಲ್ಲ ಎನ್ನುವುದಕ್ಕೂ ಅದೇ ಪದ. ಭಾನುವಾರ ಹೋದರೆ ಕಪಾಲಿಚಾರ್ಶಿ ಎರಡೂ ಅರ್ಥದಲ್ಲಿ ಕಪಾಲಿ.

ವಿಮಾನ ನಿಲ್ದಾಣದಿಂದ ಊರೊಳಕ್ಕೆ ಟ್ಯಾಕ್ಸಿಯೇ ಗತಿಯೇ?

ಅಲ್ಲ. ಮೆಟ್ರೊ ಇದೆ. ಎಂ11 ಹತ್ತಿ ಗಾಯ್ರೆತ್ತೆಪೆಯಲ್ಲಿ ಎಂ2ಕ್ಕೆ ಬದಲಾಯಿಸಿ ವೆಜ್ನೆಜಿಲೆರ್ ನಿಲ್ದಾಣದಲ್ಲಿ ಇಳಿದರೆ ದೊಡ್ಡ ಬಜಾರು ಹತ್ತಿರವೇ. ನಿಲ್ದಾಣದ ಯಂತ್ರದಲ್ಲಿ ಇಸ್ತಾಂಬುಲ್‌ಕಾರ್ಟ್ ಎಂಬ ಕಾರ್ಡನ್ನು ಮೊದಲೇ ಕೊಂಡುಕೊಳ್ಳಿ. ಮೆಟ್ರೊ, ಟ್ರಾಮ್, ಬಸ್ಸು, ಹಡಗು ಎಲ್ಲಕ್ಕೂ ಅದೊಂದೇ ಸಾಕು.

## ನೋಡುವುದು

ಅಯಾಸೋಫ್ಯಾ ನೋಡಲು 25 ಯೂರೋ ಕೊಡಬೇಕಂತೆ. ಹೊರಗಿನಿಂದ ನೋಡಿದರೆ ಸಾಲದೇ?

ಸಾಲದು. ಹೊರಗಿನಿಂದ ಅದು ಮಾಸಿದ ಬಣ್ಣದ, ಊರೆಗಂಬ ಕೊಟ್ಟು ನಿಲ್ಲಿಸಿದಂಥ ದಡೂತಿ ಕಟ್ಟಡ. ಅದರ ಸೊಗಸೆಲ್ಲ ಒಳಗಿದೆ. ಚಕ್ರವರ್ತಿ ಜಸ್ಟಿನಿಯನ್ 532ರಲ್ಲಿ ಶುರುಮಾಡಿಸಿ 537ರಲ್ಲಿ ಮುಗಿಸಿದ ಇಗರ್ಜಿ ಇದು. 1453ರಲ್ಲಿ ಊರು ಆಟೊಮನ್ ತುರ್ಕರ ಕೈಸೇರಿದಾಗ ಮಸೀದಿಯಾಯಿತು, 1935ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರು ಟಿಕೆಟ್ ಕೊಂಡು ಮೇಲಿನ ಉಪ್ಪರಿಗೆಗೆ ಮಾತ್ರ ಹೋಗಬಹುದು. ಕೆಳಗಿನ ನೆಲ ಪ್ರಾರ್ಥನೆಗೆ ಮೀಸಲು.

ಉಪ್ಪರಿಗೆಯ ಕಟಾಂಜನದ ಅಮೃತಶಿಲೆಯ ಮೇಲೆ ಗೀಚು ಗೀಚಾಗಿ ಒಂದು ಬರಹವಿದೆ. ಉತ್ತರದ ದೇಶಗಳಿಂದ ಬಂದ ವೈಕಿಂಗನೊಬ್ಬ ತನ್ನ ರೂನ್ ಲಿಪಿಯಲ್ಲಿ ಕೊರೆದದ್ದು. ಹೆಚ್ಚಿನ ಅಕ್ಷರಗಳು ಅಳಿಸಿಹೋಗಿ ಹಾಲ್ಫ್‌ದಾನ್ ಎಂಬ ಹೆಸರು ಉಳಿದಿದೆ. ಹಂಪಿಯ ಕಂಬದ ಮೇಲೆ ಹೆಸರು ಕೆತ್ತಿದವರನ್ನು ಬೈಯುತ್ತೇವೆ. ಸಾವಿರ ವರ್ಷ ಕಳೆದರೆ ಅದಕ್ಕೂ ಗಾಜಿನ ಹೊದಿಕೆ ಹಾಕಿ ಕಾಯುತ್ತಾರೋ ಏನೋ.

ನಾವು ಹಿಂದೂಗಳು. ನೀಲಿ ಮಸೀದಿಯೊಳಗೆ ಬಿಡುತ್ತಾರೆಯೇ? ಸೀರೆಯಲ್ಲಿ ಹೋಗಬಹುದೇ?

ನಮಾಜಿನ ಹೊತ್ತು ಬಿಟ್ಟು ಎಲ್ಲರಿಗೂ ಪ್ರವೇಶವಿದೆ, ಟಿಕೆಟ್ ಇಲ್ಲ. ಹೆಂಗಸರು ತಲೆ ಮುಚ್ಚಬೇಕು, ತೋಳು ಮತ್ತು ಕಾಲು ಕಾಣಬಾರದು. ನನ್ನ ಚೂಡಿದಾರದ ದುಪಟ್ಟಾ ಧಾರಾಳವಾಗಿ ಸಾಕಾಯಿತು. ಸೀರೆಯಾದರೆ ಮೈ ಮುಚ್ಚುವ ಹಾಗೆ ಮೇಲೊಂದು ಶಾಲು ಇರಲಿ. ಗಂಡಸರು ಚಡ್ಡಿಯಲ್ಲಿ ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ಪಾದರಕ್ಷೆ ಬಿಚ್ಚುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1609ರಿಂದ 1616ರವರೆಗೆ ಕಟ್ಟಿದ ಈ ಮಸೀದಿಗೆ ಆರು ಮಿನಾರುಗಳು. ಒಳಗಿನ ಗೋಡೆಗಳಿಗೆ ಇಜ್ನಿಕ್ ಊರಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಿಲ್ಲೆಗಳನ್ನು ಹೊದಿಸಿದ್ದಾರೆ.

ನೆಲದಡಿಯ ನೀರಿನ ಕೊಳಕ್ಕೆ ಬೇರೆ ದುಡ್ಡು ಕೊಡಬೇಕೇ?

ಕೊಡಬೇಕು. ಬಿಸಿಲಿದ್ದರೆ ಕೊಡಿ. ಯೆರೆಬಾತಾನ್ ಎಂದು ಹೆಸರು. ಇದೂ ಜಸ್ಟಿನಿಯನ್ ಕಾಲದ್ದೇ, 336 ಕಂಬಗಳ ಮೇಲೆ ನಿಂತಿದೆ. ಮೂಲೆಯ ಎರಡು ಕಂಬಗಳ ಬುಡಕ್ಕೆ ಗ್ರೀಕ್ ಪುರಾಣದ ಮೆಡೂಸಾ ರಾಕ್ಷಸಿಯ ಎರಡು ಕಲ್ಲಿನ ತಲೆ ಇಟ್ಟಿದ್ದಾರೆ, ಒಂದು ಮಗ್ಗುಲಾಗಿ, ಇನ್ನೊಂದು ತಲೆಕೆಳಗಾಗಿ.

## ಹೊಟ್ಟೆಯ ಪಾಡು

ನಾವು ಮೊಟ್ಟೆಯನ್ನೂ ಮುಟ್ಟದವರು. ಕಬಾಬಿನ ಊರಿನಲ್ಲಿ ಉಪವಾಸವೇ?

ಉಪವಾಸ ಬೀಳುವುದಿಲ್ಲ, ಆದರೆ ಒಂದು ಪದ ಕಲಿತಿರಬೇಕು: ಎತ್‌ಸಿಜ್. ಎತ್ ಎಂದರೆ ಮಾಂಸ, ಸಿಜ್ ಎಂದರೆ ಇಲ್ಲದ. ಬೆಳಿಗ್ಗೆ ಬೀದಿ ಗಾಡಿಯಲ್ಲಿ ಸಿಮಿತ್ ಸಿಗುತ್ತದೆ, ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿ. ಗೋಜ್ಲೆಮೆ ಎಂದರೆ ತೆಳ್ಳಗೆ ಲಟ್ಟಿಸಿ ಚೀಸನ್ನೋ ಆಲೂಗೆಡ್ಡೆಯನ್ನೋ ಮಡಿಸಿ ಕಾವಲಿಯ ಮೇಲೆ ಸುಟ್ಟದ್ದು. ನಮ್ಮ ಹೋಳಿಗೆಯ ಖಾರದ ತಂಗಿ ಎನ್ನಬಹುದು. ಜೈತಿನ್‌ಯಾಲಿ ಎಂದು ಬರೆದಿರುವ ಸಾಲನ್ನು ಹುಡುಕಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳು ಅವು, ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಜೊತೆಗೆ ಆಯ್ರಾನ್ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆಯೇ, ಒಗ್ಗರಣೆಯೊಂದಿಲ್ಲ.

ಎರಡು ಕಡೆ ಎಚ್ಚರ ಬೇಕು. ಮೆರ್ಜಿಮೆಕ್ ಚೊರ್ಬಾಸಿ ಎಂಬುದು ಕೆಂಪು ಬೇಳೆಯ ಸಾರು. ನೋಡಿದರೆ ಮನೆಯ ತೊವ್ವೆ, ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. "ಎತ್ ಸುಯು ವಾರ್ ಮಿ?", ಅಂದರೆ ಮಾಂಸದ ನೀರು ಇದೆಯೇ ಎಂದು ಕೇಳಿ. ಇನ್ನೊಂದು, ಹಾಲಿನ ಸಿಹಿಗಳ ಗಾಜಿನ ಪೆಟ್ಟಿಗೆಯಲ್ಲಿ ಬೆಳ್ಳಗೆ ಮುಗ್ಧವಾಗಿ ಕುಳಿತಿರುವ ತಾವುಕ್ ಗೋಗ್ಸು. ಹೆಸರಿನ ಅರ್ಥವೇ ಕೋಳಿಯ ಎದೆ, ಒಳಗೆ ಅದೇ ಎಳೆ ಎಳೆಯಾಗಿ ಸೇರಿರುತ್ತದೆ. ಪಾಯಸದಲ್ಲಿ ಕೋಳಿ ಇರಬಹುದೆಂದು ನಮ್ಮವರಿಗೆ ಕನಸಿನಲ್ಲೂ ಹೊಳೆಯದು. ಅಕ್ಕಿಯ ಪಾಯಸ ಬೇಕಿದ್ದರೆ ಸುತ್ಲಾಚ್ ಕೇಳಿ.

## ಕೊಳ್ಳುವುದು

ದೊಡ್ಡ ಬಜಾರಿನಲ್ಲಿ ದಾರಿ ತಪ್ಪುತ್ತದೆಯಂತೆ, ನಿಜವೇ?

ನಿಜ, ತಪ್ಪಬೇಕು ಕೂಡ. 1450ರ ದಶಕದಲ್ಲಿ ಸುಲ್ತಾನ್ ಎರಡನೇ ಮೆಹ್ಮೆದ್ ಕಟ್ಟಿಸಲು ತೊಡಗಿದ ಪೇಟೆ ಬೆಳೆದು ಈಗ ಅರವತ್ತು ಚಿಲ್ಲರೆ ಓಣಿ, ಸುಮಾರು 4,000 ಅಂಗಡಿಗಳಾಗಿವೆ. ಒಳಗೆ ಹೋದ ಬಾಗಿಲಿನ ಹೆಸರನ್ನು ಫೋಟೊ ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಬೆಯಜಿತ್ ಬಾಗಿಲು, ಇನ್ನೊಂದರಲ್ಲಿ ನೂರುಓಸ್ಮಾನಿಯೆ ಬಾಗಿಲು, ನಡುವೆ ಚಿನಿವಾರರ ಕಲ್ಪಾಕ್ಚಿಲಾರ್ ಬೀದಿ. ಎಲ್ಲೇ ಕಳೆದುಹೋದರೂ ಆ ಬೀದಿಯ ಹೆಸರು ಹೇಳಿದರೆ ಕೈ ತೋರಿಸುತ್ತಾರೆ.

ಚೌಕಾಸಿ ಹೇಗೆ ಮಾಡುವುದು? ಎಷ್ಟಕ್ಕೆ ಇಳಿಸಬಹುದು?

"ಅರ್ಧಕ್ಕೆ ಕೇಳಿ" ಎಂಬ ಸೂತ್ರ ನನಗೆ ಹಿಡಿಸುವುದಿಲ್ಲ. ವಸ್ತು ಗೊತ್ತಿಲ್ಲದವರು ಅರ್ಧಕ್ಕೆ ಕೊಂಡರೂ ನಷ್ಟವೇ. ನನಗೆ ಗೊತ್ತಿರುವುದು ಪಾತ್ರೆ. ಅದನ್ನೇ ಕೊಂಡೆ.

ಜೆಜ್ವೆ ಎಂದರೆ ತುರ್ಕಿ ಕಾಫಿ ಕಾಯಿಸುವ, ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆ. ಮುಖ್ಯ ಬೀದಿಯ ಅಂಗಡಿಗಳಲ್ಲಿ ಫಳಫಳ ಹೊಳೆಯುವವೆಲ್ಲ ಕಾಗದದಷ್ಟು ಹಗುರ. ಒಳ ಓಣಿಯೊಂದರಲ್ಲಿ ಒಬ್ಬ ಮುದುಕರ ಅಂಗಡಿಯಲ್ಲಿ ಕೈಗೆ ಭಾರ ಎನಿಸುವಂಥದ್ದು ಸಿಕ್ಕಿತು. ಹೊರಮೈಯಲ್ಲಿ ಸುತ್ತಿಗೆಯ ಏಟಿನ ಗುರುತುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು, ಯಂತ್ರದ್ದರಂತೆ ಸಾಲು ಹಿಡಿದಿರಲಿಲ್ಲ. ಒಳಗೆ ಬೆರಳಾಡಿಸಿ, ಇದಕ್ಕೆ ತವರ ಬಳಿದಿದ್ದೀರಾ ಎಂದು ಕೈಸನ್ನೆಯಲ್ಲಿ ಕೇಳಲು ಒದ್ದಾಡುತ್ತಿದ್ದೆ. ಮುದುಕರಿಗೆ ಅರ್ಥವಾಯಿತು. "ಕಲಾಯ್, ಕಲಾಯ್" ಎಂದರು. ನಾನು "ಕಲಾಯಿ!" ಎಂದು ಕೂಗಿಬಿಟ್ಟೆ. ಅವರಲ್ಲಿ ತವರಕ್ಕೆ ಕಲಾಯ್, ಅದನ್ನು ಬಳಿಯುವವನಿಗೆ ಕಲಾಯ್‌ಜಿ. ನನ್ನ ಬಾಲ್ಯದಲ್ಲಿ ತಿದಿ, ನವಸಾಗರ, ಅರಳೆಯ ಉಂಡೆ ಹೊತ್ತು ಬೀದಿಗೆ ಬರುತ್ತಿದ್ದವನೂ ಅವನೇ.

ಆಮೇಲೆ ಚಹಾ ಬಂತು, ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ. ಮುದುಕರು ಕ್ಯಾಲ್ಕುಲೇಟರಿನಲ್ಲಿ 1,200 ಲಿರಾ ಎಂದು ಒತ್ತಿ ನನ್ನ ಕಡೆ ತಿರುಗಿಸಿದರು. ನಾನು 800 ಒತ್ತಿ ತಿರುಗಿಸಿದೆ. ಅವರು ಎದೆಯ ಮೇಲೆ ಕೈಯಿಟ್ಟು ಸುತ್ತಿಗೆ ಹೊಡೆಯುವ ಸನ್ನೆ ಮಾಡಿದರು. ನಾನು ಚಹಾ ಮುಗಿಸುವವರೆಗೆ ಏನೂ ಹೇಳಲಿಲ್ಲ. 950ಕ್ಕೆ ಮುಗಿಯಿತು. ಇನ್ನೂ ನೂರು ಇಳಿಸಬಹುದಿತ್ತೇನೋ. ಆದರೆ "ಕಲಾಯಿ" ಎಂದು ಕೂಗಿದ ಗಿರಾಕಿಯ ಆಸೆ ಮುಖದಲ್ಲೇ ಕಂಡಿತ್ತಲ್ಲ, ಇನ್ನು ಚೌಕಾಸಿ ಎಲ್ಲಿಯದು?

ಅಲ್ಲಿ ಕೇಸರಿ ಅಗ್ಗವಂತೆ. ನಮಗೂ ತರಬಹುದಿತ್ತಲ್ಲ?

ತಂದೆ, ಮೋಸಹೋದೆ. ಮಸಾಲೆ ಪೇಟೆಯ ಆಸುಪಾಸಿನ ಒಂದು ಅಂಗಡಿಯಲ್ಲಿ ಕೇಸರಿ ಎಂದು ಗೋಪುರದ ಹಾಗೆ ರಾಶಿ ಹಾಕಿದ್ದರು. ಕೇಸರಿಯನ್ನು ರಾಶಿ ಹಾಕಿ ಮಾರುವವರು ಲೋಕದಲ್ಲಿ ಇಲ್ಲ ಎಂಬ ಬುದ್ಧಿ ಆಗ ಹೊಳೆಯಲಿಲ್ಲ. ಮನೆಗೆ ಬಂದು ಬಿಸಿ ಹಾಲಿಗೆ ಹಾಕಿದರೆ ಕ್ಷಣದಲ್ಲಿ ಬಣ್ಣ ಬಿಟ್ಟಿತು, ಪರಿಮಳ ಮಾತ್ರ ಇಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಅದು ಕುಸುಬೆ ಹೂವಿನ ಎಸಳು! ವಿಜಯಪುರ, ಕಲಬುರಗಿ ಕಡೆಯ ಹೊಲಗಳಲ್ಲಿ ಬೆಳೆಯುವ ಅದೇ ಕುಸುಬೆ. ವಿಮಾನದಲ್ಲಿ ಹೊತ್ತು ತಂದೆ ಎಂದು ಹೇಳಿದಾಗ ವಿಜಯಪುರ ಜಿಲ್ಲೆಯ ಇಂಡಿಯಿಂದ ಬಂದಿದ್ದ ನಮ್ಮ ಬೀಗರು ನಕ್ಕಿದ್ದು ಇನ್ನೂ ನಿಂತಿಲ್ಲ. ನಿಜವಾದ ಕೇಸರಿಯ ಎಳೆ ಒಂದು ತುದಿಯಲ್ಲಿ ತುತ್ತೂರಿಯಂತೆ ಅಗಲವಾಗಿರುತ್ತದೆ, ಬಣ್ಣವನ್ನು ನಿಧಾನವಾಗಿ ಬಿಡುತ್ತದೆ.

ಹಾಗಾದರೆ ಮಸಾಲೆ ಪೇಟೆಯಲ್ಲಿ ಕೊಳ್ಳುವಂಥದ್ದು ಏನೂ ಇಲ್ಲವೇ?

ಇದೆ. 1660ರ ದಶಕದಲ್ಲಿ ಈಜಿಪ್ಟಿನ ಕಂದಾಯದಿಂದ ಕಟ್ಟಿದ್ದರಿಂದ ಅದಕ್ಕೆ ಈಜಿಪ್ಟ್ ಬಜಾರು ಎಂಬ ಹೆಸರು ಬಂತು, ಭಾನುವಾರವೂ ತೆರೆದಿರುತ್ತದೆ. ಒಳಗೆ ಕಣ್ಣು ತುಂಬಿಸಿಕೊಂಡು ಕೊಳ್ಳುವುದನ್ನು ಪಕ್ಕದ ಹಸಿರ್‌ಜಿಲಾರ್ ಬೀದಿಯಲ್ಲಿ ಕೊಳ್ಳಿ, ಊರವರು ಕೊಳ್ಳುವುದೂ ಅಲ್ಲೇ. ಸುಮಾಕ್ ಪುಡಿ ತನ್ನಿ. ಹುಳಿಯಾದ, ಕಡುಗೆಂಪಿನ ಈ ಪುಡಿಯನ್ನು ಸೌತೆಕಾಯಿ ಕೋಸಂಬರಿಗೆ ಉದುರಿಸಿದರೆ ನಿಂಬೆಹುಳಿ ನೆನಪಾಗದು. ದಾಳಿಂಬೆಯ ಗಟ್ಟಿ ಹುಳಿರಸವೂ ಚೆನ್ನ. ಸೀಸೆಯ ಮೇಲೆ "ನಾರ್ ಎಕ್ಶಿಸಿ" ಎಂದಷ್ಟೇ ಇರಬೇಕು. ಕೊನೆಯಲ್ಲಿ "ಸೋಸ್" ಎಂದು ಸೇರಿದ್ದರೆ ಅದರಲ್ಲಿ ದಾಳಿಂಬೆಗಿಂತ ಸಕ್ಕರೆ ಪಾಕವೇ ಹೆಚ್ಚು. ಇದನ್ನು ಕೈಚೀಲದಲ್ಲಿ ಇಡಬೇಡಿ, ವಿಮಾನದ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಕಾಫಿಪುಡಿಗೆ ಪೇಟೆಯ ಹೊರಮೂಲೆಯಲ್ಲಿ 1871ರಿಂದ ಇರುವ ಕುರುಕಾಹ್ವೆಜಿ ಮೆಹ್ಮೆತ್ ಎಫೆಂದಿ ಅಂಗಡಿ ಇದೆ. ಹುಡುಕುವುದು ಬೇಡ, ವಾಸನೆ ಹಿಡಿದು ನಡೆದರೆ ಸರತಿ ಸಾಲು ಸಿಗುತ್ತದೆ.

ಚಿನ್ನ ಕೊಳ್ಳಬಹುದೇ?

ನೋಡಿ ಬನ್ನಿ. ಕ್ಯಾರೆಟ್ಟಿಗೆ ಅವರು ಆಯಾರ್ ಎನ್ನುತ್ತಾರೆ. ಗಾಜಿನ ಹಿಂದೆ ಮನಸ್ಸು ಸೆಳೆಯುವ ಒಡವೆಗಳಲ್ಲಿ ಬಹಳಷ್ಟು 14 ಆಯಾರ್. 22ರ ಲೆಕ್ಕದಲ್ಲಿ ಬೆಳೆದ ನಮಗೆ ಅದು ಒಗ್ಗುವುದಿಲ್ಲ.

ರತ್ನಗಂಬಳಿ ಅಂಗಡಿಯವರು ಚಹಾಕ್ಕೆ ಕರೆಯುತ್ತಾರೆ. ಕುಡಿದ ಮೇಲೆ ಕೊಳ್ಳದೆ ಬರುವುದು ಹೇಗೆ?

ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು "ತೆಶೆಕ್ಕುರ್ಲೆರ್", ಅಂದರೆ ಧನ್ಯವಾದ ಎಂದು ಹೊರಡಿ. ಚಹಾ ಅವರ ಅಂಗಡಿಯ ರೂಢಿ, ನಿಮ್ಮ ಮೇಲಿನ ಸಾಲವಲ್ಲ. ಒಬ್ಬರೇ ಹೋದವರಿಗೆ ಇದು ಕಷ್ಟ, ಏಕೆಂದರೆ ತೋಳು ಹಿಡಿದು "ಸಾಕು, ನಡಿ" ಎನ್ನುವವರು ಪಕ್ಕದಲ್ಲಿ ಇರುವುದಿಲ್ಲ. ನಾನು ಮೂರು ಸಲವೂ "ಮಗಳನ್ನು ಕೇಳಿ ಹೇಳುತ್ತೇನೆ" ಎಂದೆ. ಕೊಳ್ಳುವುದೇ ಆದರೆ ಕಂಬಳಿಯನ್ನು ಬೆನ್ನು ಮಾಡಿ ನೋಡಿ. ಕೈನೇಯ್ಗೆಯಾಗಿದ್ದರೆ ಮುಂಭಾಗದ ಚಿತ್ರವೇ ಹಿಂದೆಯೂ ಗಂಟು ಗಂಟಾಗಿ ಕಾಣುತ್ತದೆ. "ನೂರು ವರ್ಷ ಹಳೆಯದು" ಎಂದು ಯಾರಾದರೂ ಹೊಗಳಿದರೆ ಅದೇ ಕಾರಣಕ್ಕೆ ಬಿಡಿ. ಪುರಾತನ ವಸ್ತುಗಳನ್ನು ಅನುಮತಿಯಿಲ್ಲದೆ ತುರ್ಕಿಯಿಂದ ಹೊರಗೆ ಒಯ್ಯುವುದು ಅಪರಾಧ.

## ಒಂಟಿಯಾಗಿ ಹೋಗುವವರ ಪ್ರಶ್ನೆಗಳು

ಹೆಂಗಸು ಒಬ್ಬಳೇ ತಿರುಗಿದರೆ ಭಯವಿಲ್ಲವೇ?

ಹಗಲಿನಲ್ಲಿ, ಹಳೆಯ ಊರಿನಲ್ಲಿ, ನನಗೆ ಭಯವಾಗಲಿಲ್ಲ. ಕಿರಿಕಿರಿ ಆಯಿತು. "ಇಂಡಿಯಾ? ಬಾಲಿವುಡ್?" ಎಂದು ಹೆಜ್ಜೆಗೊಬ್ಬರು ಮಾತಿಗೆ ಎಳೆಯುತ್ತಾರೆ. ಉತ್ತರ ಕೊಡದೆ ನಡೆದರೆ ಅಸಭ್ಯತೆ ಎಂದು ನಮ್ಮ ಮನಸ್ಸು ಹೇಳುತ್ತದೆ. ಆ ಮನಸ್ಸನ್ನು ಹೋಟೆಲಿನಲ್ಲಿ ಬಿಟ್ಟು ಹೊರಡಿ. ಟ್ರಾಮಿನ ನೂಕುನುಗ್ಗಲಿನಲ್ಲಿ ಚೀಲ ಮುಂದಿರಲಿ. ತುರ್ತು ಕರೆಗೆ 112.

ನನ್ನ ಮಗ ಒಬ್ಬನೇ ಹೋಗುತ್ತಿದ್ದಾನೆ. ಗಂಡುಹುಡುಗ, ಅವನಿಗೇನು ಚಿಂತೆ?

ಅಮ್ಮಾ, ಅಲ್ಲಿ ಬಲೆ ಬೀಸುವುದು ಹೆಚ್ಚಾಗಿ ಒಂಟಿ ಗಂಡಸರಿಗೇ. ತಕ್ಸಿಮ್ ಎಂಬ ಚೌಕದ ಕಡೆ ಸಂಜೆ ಒಬ್ಬ ಸಂಭಾವಿತ ಪರಿಚಯ ಮಾಡಿಕೊಂಡು, ಒಳ್ಳೆಯ ಬಾರ್ ಇದೆ ಬಾ ಎಂದು ಕರೆದೊಯ್ಯುತ್ತಾನೆ. ಎರಡು ಲೋಟಕ್ಕೆ ವಿಮಾನದ ಟಿಕೆಟಿನಷ್ಟು ಬಿಲ್ಲು ಬರುತ್ತದೆ, ಬಾಗಿಲಲ್ಲಿ ದಾಂಡಿಗರು ನಿಂತಿರುತ್ತಾರೆ. ಬೂಟು ಪಾಲಿಶ್ ಮಾಡುವವನು ಮುಂದೆ ನಡೆಯುತ್ತ ಬ್ರಶ್ ಬೀಳಿಸಿದರೆ ಎತ್ತಿಕೊಡಬಾರದು ಎಂದೂ ಹೇಳಿ ಕಳಿಸಿ. ಕೃತಜ್ಞತೆಯೆಂದು ಬೂಟು ಉಜ್ಜಿ ಕೊನೆಗೆ ದುಡ್ಡು ಕೇಳುತ್ತಾನೆ.

ಭಾಷೆ ಬರದೆ ಹೇಗೆ ನಿಭಾಯಿಸಿದಿರಿ?

ಪದಗಳು ಅರ್ಧ ನಮ್ಮವೇ. ದುಕ್ಕಾನ್, ಹೆಸಾಪ್, ಸಾಬುನ್, ಹವಾ, ಮೆಯ್ದಾನ್. ಬಜಾರಿನಲ್ಲಿ ಮೂಟೆ ಹೊರುವವನು ಹಮಾಲ್, ಹುಬ್ಬಳ್ಳಿಯಲ್ಲಿ ಇರುವ ಹಾಗೆಯೇ. ಅರಬ್ಬಿ ಫಾರಸಿಗಳಿಂದ ಇಬ್ಬರೂ ಸಾಲ ತಂದವರು.

ನನ್ನನ್ನು ಬೆರಗುಗೊಳಿಸಿದ್ದು ವ್ಯಾಕರಣ. ಕನ್ನಡದ ಹಾಗೆಯೇ ಪದದ ಬಾಲಕ್ಕೆ ಒಂದೊಂದೇ ಪ್ರತ್ಯಯ ಕಟ್ಟುತ್ತ ಹೋಗುತ್ತಾರೆ. ಎವ್ ಎಂದರೆ ಮನೆ, ಎವ್‌ಲೆರ್ ಮನೆಗಳು, ಎವ್‌ಲೆರ್‌ದೆನ್ ಮನೆಗಳಿಂದ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಾರ್ ಎಂದರೆ ಇದೆ, ಯೋಕ್ ಎಂದರೆ ಇಲ್ಲ, "ವಾರ್ ಮಿ?" ಎಂದರೆ ಇದೆಯೇ. ಈ ಮೂರರಲ್ಲಿ ಒಂದು ದಿನ ದೂಡಬಹುದು. ಎಡವಟ್ಟಾಗುವುದು ತಲೆಯಾಡಿಸುವುದರಲ್ಲಿ. ಅವರು ಹುಬ್ಬೇರಿಸಿ ತಲೆಯನ್ನು ಹಿಂದಕ್ಕೆ ಎತ್ತಿ "ತ್ಚ್" ಎಂದರೆ ಇಲ್ಲ ಎಂದರ್ಥ. ನಾವು ಅತ್ತಿಂದಿತ್ತ ತಲೆ ತೂಗಿದರೆ ಹೌದೋ ಅಲ್ಲವೋ ಅವರಿಗೆ ಬಗೆಹರಿಯುವುದಿಲ್ಲ. ಟ್ರಾಮ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ನನ್ನ ತಲೆದೂಗಾಟ ನೋಡಿ ಮೂರು ಸಲ ದಾರಿ ಹೇಳಿದಳು, ಪಾಪ.

ಸಂಜೆ ಎರಡು ಗಂಟೆ ಉಳಿದರೆ ಏನು ಮಾಡಲಿ? ಇನ್ನೊಂದು ಅರಮನೆ ನೋಡಬಹುದೇ?

ಬೇಡ, ಹಡಗು ಹತ್ತಿ. ಪ್ರವಾಸಿಗರ ದುಬಾರಿ ದೋಣಿಯಲ್ಲ, ಊರವರು ಕೆಲಸ ಮುಗಿಸಿ ಮನೆಗೆ ಹೋಗುವ ಹಡಗು. ಮಸಾಲೆ ಪೇಟೆಯ ಎದುರಿನ ಎಮಿನೋನು ಕಟ್ಟೆಯಿಂದ ಕಡಿಕೋಯ್‌ಗೆ ಸುಮಾರು ಇಪ್ಪತ್ತು ನಿಮಿಷ, ಕಾರ್ಡು ತಾಗಿಸಿದರೆ ಸಾಕು. ಯುರೋಪಿನಲ್ಲಿ ಹತ್ತಿ ಏಷ್ಯಾದಲ್ಲಿ ಇಳಿಯುತ್ತೀರಿ. ಹೊರಗಿನ ಬೆಂಚಿನಲ್ಲಿ ಕುಳಿತರೆ ಚಹಾ ಮಾರುವವನು ತಟ್ಟೆ ಹೊತ್ತು ಬರುತ್ತಾನೆ. ಜನ ಸಿಮಿತ್ ಮುರಿದು ಎಸೆಯುತ್ತಾರೆ, ಕಡಲಕ್ಕಿಗಳು ಗಾಳಿಯಲ್ಲೇ ಹಿಡಿಯುತ್ತವೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮಾತಿಲ್ಲದೆ ತನ್ನ ಸಿಮಿತ್ತನ್ನು ಮುರಿದು ಅರ್ಧ ಕೊಟ್ಟಳು. ಹಕ್ಕಿಗೆ ಕೊಟ್ಟದ್ದೋ ನನಗೆ ಕೊಟ್ಟದ್ದೋ ತಿಳಿಯದೆ ಒಂದು ಚೂರು ಎಸೆದು ಉಳಿದದ್ದನ್ನು ತಿಂದೆ. ಮರಳುವ ಹಡಗಿನಲ್ಲಿ ಮಸೀದಿಗಳ ಮಿನಾರುಗಳಿಗೆ ಒಂದೊಂದಾಗಿ ದೀಪ ಹತ್ತುತ್ತಿತ್ತು.

ಆ ತಾಮ್ರದ ಪಾತ್ರೆ ಶೋಕೇಸಿನಲ್ಲಿದೆಯೋ, ಬಳಸುತ್ತೀರೋ?

ದಿನವೂ ಬಳಸುತ್ತೇನೆ. ಬೆಳಗಿನ ಕಾಫಿ ಫಿಲ್ಟರಿನದೇ, ಅದನ್ನು ಬಿಡುವ ಮಾತಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಜೆಜ್ವೆ ಸಣ್ಣ ಉರಿಯ ಮೇಲೆ ಏರುತ್ತದೆ. ತಣ್ಣೀರಿಗೇ ಪುಡಿ ಸಕ್ಕರೆ ಹಾಕಿ ಕಲಕಿ, ನೊರೆ ಅಂಚಿಗೆ ಏರಿದ ಕೂಡಲೇ ಇಳಿಸಬೇಕು. ಕುದಿಸಿದರೆ ಕೆಟ್ಟಿತು. ಆದರೆ ತಳದಲ್ಲಿ ತವರ ಸವೆದು ಒಂದು ರೂಪಾಯಿ ಅಗಲದಷ್ಟು ತಾಮ್ರ ಕೆಂಪಗೆ ಕಾಣತೊಡಗಿದೆ. ನಮ್ಮ ಬೀದಿಗೆ ಕಲಾಯಿಯವನು ಬಂದು ಇಪ್ಪತ್ತು ವರ್ಷವಾಗಿರಬೇಕು. ಪಾತ್ರೆ ಅಂಗಡಿಯಲ್ಲಿ ವಿಚಾರಿಸಿದರೆ ಹೊಸ ಸ್ಟೀಲಿನದನ್ನು ತೋರಿಸುತ್ತಾರೆ. ಮೈಸೂರಿನ ಆಸುಪಾಸಿನಲ್ಲಿ ಈಗಲೂ ಕಲಾಯಿ ಹಾಕುವವರು ಯಾರಿದ್ದಾರೆ? ಇದು ನನ್ನ ಪ್ರಶ್ನೆ, ಗೊತ್ತಿದ್ದವರು ಉತ್ತರಿಸಿ.